ಲಂಟಾನದ ಬುಡ ಹುಡುಕುತ್ತ

ಲಂಟಾನ ಎಂಬ ಮುಳ್ಳುಪೊದೆಯ ಕಳೆಯನ್ನು ಕಡಿಯುವುದು ಸುಲಭ, ಕೀಳುವುದು ಕಷ್ಟ. ಮಾಘ ಕಳೆದು ಮುತ್ತುಗ ಹೂಬಿಟ್ಟಿದ್ದ ಆ ಭಾನುವಾರ ಗೋಮಾಳದ ಗುಡ್ಡದಲ್ಲಿ ಸೇರಿದ್ದ ಸ್ವಯಂಸೇವಕರಲ್ಲಿ ಹೆಚ್ಚಿನವರು ಕಡಿಯುವ ಹುಮ್ಮಸ್ಸಿನಲ್ಲಿಯೇ ಬಂದಿದ್ದರು. ಹೊಸ ಮಚ್ಚು, ಹೊಸ ಕೈಗವಸು, ಮೊಬೈಲ್‌ನಲ್ಲಿ ಆಗಲೇ ನಾಲ್ಕಾರು ಫೋಟೊ. ನಮ್ಮನ್ನು ಕರೆಸಿದ್ದ ಹಿರಿಯರು ಮೊದಲು ಮಾಡಿದ ಕೆಲಸವೆಂದರೆ ಮಚ್ಚುಗಳನ್ನೆಲ್ಲ ಒಂದು ಬಂಡೆಯ ಮೇಲೆ ಇಡಿಸಿ ಪಿಕಾಸಿ ಹಂಚಿದ್ದು.

ಕೊಂಬೆ ಕಡಿದರೆ ಲಂಟಾನ ಸಾಯುವುದಿಲ್ಲ, ಬುಡದಿಂದ ಇನ್ನಷ್ಟು ದಟ್ಟವಾಗಿ ಚಿಗುರುತ್ತದೆ. ಸುಟ್ಟರೂ ಅಷ್ಟೇ. ಚಿಗುರುವ ಕಸುವೆಲ್ಲ ಇರುವುದು ಕಾಂಡವೂ ಬೇರೂ ಕೂಡುವ ಗಂಟಿನಲ್ಲಿ. ಮಣ್ಣಿನ ಮಟ್ಟದಿಂದ 3–5 ಸೆಂ.ಮೀ. ಕೆಳಗೆ ತಾಯಿಬೇರನ್ನು ಕತ್ತರಿಸಿ, ಪೊದೆಯನ್ನು ಇಡಿಯಾಗಿ ಎತ್ತಿ, ಬೇರು ಆಕಾಶ ನೋಡುವಂತೆ ಮಗುಚಿ ಹಾಕಬೇಕು. ಇಲ್ಲದಿದ್ದರೆ ನೆಲ ತಾಗಿದ ಕಡೆ ಮತ್ತೆ ಬೇರೂರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಸಿ. ಆರ್. ಬಾಬು ಮತ್ತು ಸಂಗಡಿಗರು ಕಾರ್ಬೆಟ್ ಹುಲಿ ಮೀಸಲು ಪ್ರದೇಶದಲ್ಲಿ ಮಾಡಿ ತೋರಿಸಿದ ಕ್ರಮವಿದು.

ಐದು ಸೆಂಟಿಮೀಟರ್ ಏನು ಮಹಾ ಎಂದು ಕೇಳುವವರಿಗೆ ಅನ್ನಿಸಬಹುದು. ಕಷ್ಟವೆಲ್ಲ ಆ ಐದು ಸೆಂಟಿಮೀಟರ್ ತಲುಪುವುದರಲ್ಲಿದೆ. ಆಳೆತ್ತರದ ಪೊದೆ, ಪಕ್ಕದ ಪೊದೆಯೊಂದಿಗೆ ಹೆಣೆದುಕೊಂಡು, ಎಲ್ಲಿ ಯಾವುದರ ಬುಡ ಎಂದು ಹೊರಗಿನಿಂದ ತಿಳಿಯುವುದೇ ಇಲ್ಲ. ಒಬ್ಬರು ಕವಲುಗೋಲಿನಿಂದ ಪೊದೆಯನ್ನು ಎತ್ತಿ ಹಿಡಿಯಬೇಕು, ಇನ್ನೊಬ್ಬರು ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋಗಬೇಕು. ಮುಳ್ಳುಗಳು ಕೊಕ್ಕೆಯಂತೆ ಹಿಂದಕ್ಕೆ ಬಾಗಿರುವುದರಿಂದ ಒಳಗೆ ಹೋಗಲು ಬಿಡುತ್ತವೆ, ಹೊರಗೆ ಬರಲು ಬಿಡುವುದಿಲ್ಲ. ಎಲೆ ಉಜ್ಜಿದರೆ ಏಳುವ ಕಟುವಾದ ವಾಸನೆ ಸ್ನಾನ ಮಾಡಿದ ಮೇಲೂ ಅಂಗೈಯಲ್ಲಿ ಉಳಿಯುತ್ತದೆ. ಮಳೆಗಾಲದಲ್ಲಾದರೆ ಮಣ್ಣು ಮೆತ್ತಗಿರುತ್ತದೆ. ಈಗ ಪಿಕಾಸಿ ಬಿದ್ದಲ್ಲೆಲ್ಲ ಕಿಡಿ.

ಹಾಗಿದ್ದರೆ ಈ ಕಾಲದಲ್ಲೇ ಏಕೆ? ಬೆಂಕಿಯ ಭಯದಿಂದ. ನೆಲದ ಹುಲ್ಲಿಗೆ ಬಿದ್ದ ಬೆಂಕಿ ಸಾಮಾನ್ಯವಾಗಿ ಮರಗಳ ಕಾಲಡಿಯಲ್ಲೇ ಹಾದುಹೋಗುತ್ತದೆ. ಒಣಗಿದ ಲಂಟಾನ ಅದಕ್ಕೆ ಏಣಿಯಾಗಿ ನಿಂತು ಉರಿಯನ್ನು ಕೊಂಬೆಗಳವರೆಗೆ ಏರಿಸುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗಲೂ ಈ ಪೊದೆಗಳ ಮಾತು ಬಹಳ ಕೇಳಿಬಂದಿತ್ತು. ಕಿತ್ತದ್ದನ್ನು ಸಹ ಮರದ ಬುಡದಲ್ಲಿ ಒಟ್ಟಬಾರದು, ಬಯಲಿಗೆ ಎಳೆಯಬೇಕು. ಎಳೆಯುವ ಕೆಲಸ ಕೀಳುವುದಕ್ಕಿಂತ ದೊಡ್ಡದು. ಅಲ್ಲಿ ಕೈಜೋಡಿಸುವವರೂ ಕಡಿಮೆ, ಫೋಟೊ ತೆಗೆಯುವವರಂತೂ ಇಲ್ಲ.

ನೆರಳಿನಲ್ಲಿ ಕುಳಿತು ನೋಡುತ್ತಿದ್ದ ದನಗಾಹಿಯೊಬ್ಬರು, ತಾವು ಚಿಕ್ಕವರಿದ್ದಾಗ ಈ ಇಳಿಜಾರು ಪೂರ್ತಿ ಹುಲ್ಲಾಗಿತ್ತು ಎಂದರು. ಲಂಟಾನದ ಅಡಿಯಲ್ಲಿ ಹುಲ್ಲು ಬೆಳೆಯುವುದಿಲ್ಲ. ಹಸಿವು ತಾಳದೆ ಅದರ ಎಲೆಯನ್ನೇ ತಿಂದ ದನದ ಯಕೃತ್ತು ಕೆಡುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಅಮೆರಿಕದ ಉಷ್ಣವಲಯದ ಗಿಡ ಇದು. 19ನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದದ್ದು ನಮ್ಮ ಗೋಮಾಳಗಳವರೆಗೆ ನಡೆದುಬಂದಿದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಇದರ ಕಾಂಡವನ್ನು ಬೇಯಿಸಿ, ತೊಗಟೆ ಸುಲಿದು ಕುರ್ಚಿ, ಮೇಜು ಮಾಡುತ್ತಾರೆ. ಒಳ್ಳೆಯ ಕಸುಬು. ಆದರೆ ಕುರ್ಚಿ ಮಾಡಿಯೇ ಲಂಟಾನವನ್ನು ಮುಗಿಸಬಹುದು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಕುರ್ಚಿಗೆ ಬಲಿತ ಕಾಂಡ ಬೇಕು, ಗುಡ್ಡವನ್ನು ತಿನ್ನುವುದು ಎಳೆಯ ಸಸಿ.

ಬಿಸಿಲೇರುವ ಹೊತ್ತಿಗೆ ಒಂದು ಪೊದೆಯೊಳಗಿಂದ ಕಾಲೇಜು ಹುಡುಗಿಯೊಬ್ಬಳು "ನಿಲ್ಲಿಸಿ!" ಎಂದು ಕೂಗಿದಳು. ಸೊಂಟದೆತ್ತರದಲ್ಲಿ ಕೆಮ್ಮೀಸೆ ಪಿಕಳಾರ ಹಕ್ಕಿಯ ಬಟ್ಟಲಿನಂಥ ಗೂಡು, ಒಳಗೆ ಕೆಂಪು ಚುಕ್ಕೆಗಳ ಎರಡು ಮೊಟ್ಟೆ. ವಾದ ಶುರುವಾಯಿತು. ಲಂಟಾನದ ಹಣ್ಣು ತಿಂದು ಊರೆಲ್ಲ ಬೀಜ ಹರಡುವುದೇ ಈ ಪಿಕಳಾರಗಳು, ಇದನ್ನು ಉಳಿಸಿ ಅದನ್ನು ಕೀಳುವುದರಲ್ಲಿ ಅರ್ಥವೇನು ಎಂದು ಒಬ್ಬರು. ಹಕ್ಕಿ ಇರುವುದಕ್ಕೆ ಇಲ್ಲಿದ್ದ ಕಾರೆ, ಬಂದರಿಕೆಯಂಥ ನಾಡಿನ ಪೊದೆಗಳನ್ನೆಲ್ಲ ಲಂಟಾನ ನುಂಗಿರುವಾಗ ಅದು ಇನ್ನೆಲ್ಲಿ ಗೂಡು ಕಟ್ಟಬೇಕು ಎಂದು ಇನ್ನೊಬ್ಬರು. ಇಬ್ಬರ ಮಾತೂ ಸರಿಯೇ. ಹಿರಿಯರು ವಾದಕ್ಕೆ ಹೋಗಲಿಲ್ಲ. ಸುತ್ತಲಿನ ಪೊದೆಗಳನ್ನೂ ಸೇರಿಸಿ ಒಂದು ತುಂಡು ಜಾಗಕ್ಕೆ ಹಗ್ಗ ಕಟ್ಟಿಸಿದರು. ಮರಿಗಳು ಹಾರಿದ ಮೇಲೆ ನೋಡೋಣ ಎಂದರು. ಹಗ್ಗ ಕಟ್ಟಿದ ಮೇಲೂ ಐದು ನಿಮಿಷ ವಾದ ಮುಂದುವರಿದದ್ದು ಬೇರೆ ಮಾತು.

ಖಾಲಿಯಾದ ನೆಲ ನೋಡಲು ಚೆಂದವೇನಿರಲಿಲ್ಲ. ಬಿಳಿಚಿದ ಮಣ್ಣು, ಗುಂಡಿಗಳು, ಬಿಸಿಲು ಕಾಣದೆ ಸೊರಗಿದ ಒಂದೆರಡು ದಿಂಡಿಗ ಮರದ ಸಸಿ. ನಾವು ಕಿತ್ತದ್ದರ ಬೀಜ ಮಣ್ಣಿನಲ್ಲೇ ಇದೆ. ಮಳೆ ಬಿದ್ದರೆ ಏಳುತ್ತದೆ. ಹಕ್ಕಿ ಕೂರುವ ಮರಗಳ ಕೆಳಗಂತೂ ಹಾಸಿದಂತೆ ಏಳುತ್ತದೆ. ಅವು ಬೆರಳುದ್ದ ಇರುವಾಗಲೇ ಕೀಳದಿದ್ದರೆ ಇವತ್ತಿನ ಬೆವರು ವ್ಯರ್ಥ. ನನ್ನ ಲೆಕ್ಕದಲ್ಲಿ ಸಂರಕ್ಷಣೆ ಎಂದರೆ ಆ ಎರಡನೆಯ ಕೆಲಸವೇ. ಮೊದಲನೆಯದನ್ನು ಹುರುಪು ಮಾಡಿಸುತ್ತದೆ.

"ಮುಂಗಾರು ಶುರುವಾದ ಮೇಲೆ ಸಸಿ ಕೀಳಲು ಯಾರು ಬರುತ್ತೀರಿ?" ಎಂದು ಹಿರಿಯರು ಕೇಳಿದಾಗ ಬೆಳಗಿನ ಗುಂಪಿನ ಕಾಲು ಭಾಗದಷ್ಟೂ ಕೈ ಏಳಲಿಲ್ಲ. ಗೂಡು ಕಂಡ ಹುಡುಗಿ ಎತ್ತಿದ್ದಳು, ನಾನೂ ಎತ್ತಿದೆ. ಪಿಕಾಸಿ ತರಬೇಕೇ ಎಂದು ಯಾರೋ ಕೇಳಿದರು. ಬೇಡ, ಬಗ್ಗುವ ಸೊಂಟ ಇದ್ದರೆ ಸಾಕು ಎಂದು ಅವರು ಹೆಸರು ಬರೆದುಕೊಳ್ಳತೊಡಗಿದರು.