ರಾವಣ ಎಸೆದ ದಾರಿಯಲ್ಲಿ, ಆಯಿಯ ಜೊತೆ

ಬೆಳಗ್ಗೆ ಐದೂವರೆಗೆ ಶಿರಸಿ ಬಿಟ್ಟೆವು. ದೇವಿಮನೆ ಘಟ್ಟದಲ್ಲಿ ಮಂಜು ಇನ್ನೂ ಕವಿದಿತ್ತು. ಹಿಂದಿನ ಸೀಟಿನಲ್ಲಿ ಆಯಿ, ಅಂದರೆ ನನ್ನ ಅಮ್ಮ, ಮಡಿಲಲ್ಲಿ ಅವಲಕ್ಕಿ ಡಬ್ಬಿ. ಗೋಕರ್ಣಕ್ಕೆ ಅವಳು ಎಷ್ಟೋ ಸಲ ಹೋಗಿದ್ದಾಳೆ. ಆದರೆ ಪಂಚಕ್ಷೇತ್ರ ಐದನ್ನೂ ಒಂದೇ ಪ್ರಯಾಣದಲ್ಲಿ ನೋಡಬೇಕು ಅನ್ನೋದು ಅವಳ ಬಹಳ ದಿನದ ಆಸೆ. ಗೋಕರ್ಣ, ಕಾರವಾರದ ಶೇಜ್ಜೇಶ್ವರ, ಕುಮಟಾದ ಧಾರೇಶ್ವರ, ಹೊನ್ನಾವರದ ಗುಣವಂತೆ, ಭಟ್ಕಳದ ಮುರುಡೇಶ್ವರ. ಈ ಸಲ ಎರಡು ದಿನ ರಜೆ ಹಾಕಿ ಹೊರಟೇಬಿಟ್ಟೆ.

ಈ ಐದು ಕ್ಷೇತ್ರಗಳ ಕಥೆ ನಮ್ಮ ಕಡೆಯವರಿಗೆಲ್ಲ ಗೊತ್ತು. ರಾವಣನ ತಾಯಿ ಕೈಕಸಿ ಕಡಲ ದಂಡೆಯಲ್ಲಿ ಮರಳಿನ ಲಿಂಗ ಮಾಡಿ ಪೂಜೆ ಮಾಡುತ್ತಿದ್ದಳು. ತೆರೆ ಬಂದು ಅದನ್ನು ಕೊಚ್ಚಿಕೊಂಡು ಹೋಯಿತು. ಕೊಚ್ಚಿ ಹೋಗದಂಥ ಲಿಂಗವನ್ನೇ ತರುತ್ತೇನೆ ಎಂದು ಮಗ ಕೈಲಾಸಕ್ಕೆ ಹೋದ. ಘೋರ ತಪಸ್ಸು ಮಾಡಿ ಶಿವನಿಂದ ಆತ್ಮಲಿಂಗ ಪಡೆದ. ದಾರಿಯಲ್ಲಿ ನೆಲಕ್ಕೆ ಇಡಬಾರದು ಎಂಬುದೊಂದೇ ಷರತ್ತು. ಗೋಕರ್ಣಕ್ಕೆ ಬರುವ ಹೊತ್ತಿಗೆ ವಿಷ್ಣು ಚಕ್ರದಿಂದ ಸೂರ್ಯನನ್ನು ಮರೆಮಾಡಿದ. ಸಂಧ್ಯಾವಂದನೆಯ ಹೊತ್ತಾಯಿತೆಂದುಕೊಂಡ ರಾವಣ, ಅಲ್ಲೇ ಇದ್ದ ಹುಡುಗನ ಕೈಗೆ ಲಿಂಗ ಕೊಟ್ಟ. ಆ ಹುಡುಗ ಗಣಪತಿ. ಮೂರು ಸಲ ಕರೆದ, ರಾವಣ ಬರಲಿಲ್ಲ, ನೆಲಕ್ಕೆ ಇಟ್ಟುಬಿಟ್ಟ.

ಗೋಕರ್ಣದಲ್ಲಿ ಮೊದಲು ಆ ಗಣಪತಿಯ ದರ್ಶನ, ಆಮೇಲೆ ಮಹಾಬಲೇಶ್ವರ. ಎರಡೇ ಕೈಯ, ನಿಂತ ಗಣಪತಿ. ಸಿಟ್ಟಿನಲ್ಲಿ ರಾವಣ ಗುದ್ದಿದ ಗುರುತು ಅಂತ ನೆತ್ತಿಯಲ್ಲಿ ಒಂದು ತಗ್ಗು ಇದೆ. ಆಯಿ ಅದನ್ನೇ ಬಹಳ ಹೊತ್ತು ನೋಡುತ್ತ ನಿಂತಳು. "ಪಾಪ, ಸಣ್ಣ ಹುಡುಗ" ಅಂದಳು. ಎರಡು ಹೆಜ್ಜೆ ಮುಂದೆ ಹೋಗಿ, "ಅಂವನೂ ಪಾಪವೇ ಬಿಡು" ಅಂದಳು. ಯಾರು ಅಂತ ನಾನು ಕೇಳಲಿಲ್ಲ.

ಮಹಾಬಲೇಶ್ವರನ ಗರ್ಭಗುಡಿಗೆ ಅಂಗಿ ತೆಗೆದು ಪಂಚೆಯುಟ್ಟು ಹೋದೆ. ಲಿಂಗ ಕಣ್ಣಿಗೆ ಕಾಣುವುದಿಲ್ಲ. ಪೀಠದ ನಡುವಿನ ಕುಳಿಯೊಳಗೆ ಬೆರಳಿಟ್ಟರೆ ತುದಿ ತಾಗುತ್ತದೆ. ತಣ್ಣಗೆ, ಒದ್ದೆಯಾಗಿ, ಸ್ವಲ್ಪ ಒರಟು. ರಾವಣ ತನ್ನ ಬಲವನ್ನೆಲ್ಲ ಹಾಕಿ ಎಳೆದರೂ ಕಿತ್ತು ಬರಲಿಲ್ಲವಂತೆ. ತಿರುಚಿಕೊಂಡು ಹಸುವಿನ ಕಿವಿಯ ಹಾಗಾಯಿತು, ಅದಕ್ಕೇ ಗೋಕರ್ಣ. ಬೆರಳು ತಾಗಿದ್ದು ಒಂದೇ ಗಳಿಗೆ, ಹಿಂದಿನಿಂದ ಸಾಲು ಒತ್ತುತ್ತಿತ್ತು. ಹೊರಗೆ ಬಂದ ಮೇಲೂ ಆ ತಂಪು ಬೆರಳಲ್ಲೇ ಇತ್ತು.

ಅಲ್ಲಿಂದ ರಾಮತೀರ್ಥಕ್ಕೆ. ಕಡಲು ಇಷ್ಟು ಹತ್ತಿರ ಇದ್ದರೂ ಗುಡ್ಡದ ಬುಡದಿಂದ ಬೀಳುವ ನೀರು ಸಿಹಿ. ರಾವಣನನ್ನು ಕೊಂದ ದೋಷ ಕಳೆದುಕೊಳ್ಳಲು ರಾಮ ಇಲ್ಲಿಗೆ ಬಂದಿದ್ದ ಅಂತ ಹೇಳುತ್ತಾರೆ. ಸೋತವನೂ ಗೆದ್ದವನೂ ಒಂದೇ ಊರಿಗೆ ಬಂದರಲ್ಲ ಅಂತ ನನಗೆ ಏನೋ ಒಂಥರಾ ಆಯಿತು. ಆಯಿ ಎರಡು ಬಾಟಲಿ ತುಂಬಿಕೊಂಡಳು.

ಆತ್ಮಲಿಂಗದ ಈ ಕಥೆ ಸ್ಥಳಪುರಾಣದ್ದು. ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ಬೇರೆ ರೀತಿ ಬರುತ್ತದೆ. ಅಲ್ಲಿ ಕೈಕಸಿ ಕುಬೇರನನ್ನು ತೋರಿಸಿ, ನೀನೂ ಅವನ ಹಾಗೆ ಆಗು ಅನ್ನುತ್ತಾಳೆ. ಆ ಮಾತು ಕೇಳಿ ರಾವಣ ತಮ್ಮಂದಿರ ಜೊತೆ ತಪಸ್ಸಿಗೆ ಹೋಗುವುದು ಗೋಕರ್ಣ ಎಂಬ ಹೆಸರಿನ ಆಶ್ರಮಕ್ಕೆ. ಅಂಕೋಲಾ ದಾಟುವಾಗ ಇದನ್ನು ಆಯಿಗೆ ಹೇಳಿದೆ. "ಅಲ್ಲೂ ಆಯಿ ಹೇಳಿದ್ದಕ್ಕೇ ಹೋಗಿದ್ದಾ?" ಅಂತ ಕೇಳಿ ಸುಮ್ಮನಾದಳು.

ಲಿಂಗ ಬರಲಿಲ್ಲ ಅಂತ ಗೊತ್ತಾದ ಮೇಲೆ ರಾವಣ, ಅದಕ್ಕೆ ಸುತ್ತಿ ತಂದಿದ್ದನ್ನೆಲ್ಲ ದಿಕ್ಕಿಗೊಂದರಂತೆ ಎಸೆದ. ಲಿಂಗವಿದ್ದ ಸಂಪುಟ, ಅಂದರೆ ಪೆಟ್ಟಿಗೆ, ಬಡಗು ದಿಕ್ಕಿಗೆ ಹೋಗಿ ಕಾರವಾರದಲ್ಲಿ ಬಿತ್ತು. ಅದೇ ಶೇಜ್ಜೇಶ್ವರ. ನಾವು ತಲುಪಿದಾಗ ಮಧ್ಯಾಹ್ನ. ಶೇಜವಾಡದ ಆ ಗುಡಿಯಲ್ಲಿ ಜನವೇ ಇರಲಿಲ್ಲ. ಗಂಟೆ ಹೊಡೆದದ್ದು ನಾವಿಬ್ಬರೇ. ರಾತ್ರಿ ಕಾರವಾರದಲ್ಲೇ ಉಳಿದೆವು.

ಮರುದಿನ ತೆಂಕಿಗೆ. ಕುಮಟಾ ದಾಟಿ ಹೊನ್ನಾವರದ ಕಡೆ ಹೋಗುವಾಗ ಧಾರೇಶ್ವರ. ಲಿಂಗಕ್ಕೆ ಕಟ್ಟಿದ ದಾರ ಬಿದ್ದ ಜಾಗ. ಹಳೇ ಕಲ್ಲಿನ ಗುಡಿ, ಒಳಗೆ ಕಾಲಿಟ್ಟರೆ ನೆಲ ತಂಪು. ಹೆದ್ದಾರಿಯಲ್ಲಿ ಈ ಊರು ದಾಟುವಾಗ ಎಷ್ಟು ಸಲ ಬಸ್ಸಿನಲ್ಲಿ ನಿದ್ದೆ ಹೊಡೆದಿದ್ದೇನೋ! ಶರಾವತಿ ಸೇತುವೆ ದಾಟಿದರೆ ಗುಣವಂತೆ, ಮುಚ್ಚಳ ಬಿದ್ದಲ್ಲಿ ಶಂಭುಲಿಂಗ. ಮುಚ್ಚಳ ಎಲ್ಲಿ, ದಾರ ಎಲ್ಲಿ ಅನ್ನುವುದನ್ನು ಕೆಲವರು ಬೇರೆ ಥರ ಹೇಳುತ್ತಾರೆ. ಆಯಿಯ ಲೆಕ್ಕ ಇದು, ನನಗೂ ಇದೇ ಲೆಕ್ಕ.

ಗುಣವಂತೆ ಅಂದರೆ ಯಕ್ಷಗಾನದ ಕೆರೆಮನೆ ಮೇಳದ ಊರೂ ಹೌದು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳ. ಆಯಿ ಸಣ್ಣವಳಿದ್ದಾಗ ಕಂಬಳಿ ಹೊದ್ದು ಕೂತು ಬೆಳತನಕ ಆಟ ನೋಡಿದವಳು. ರಾವಣನ ವೇಷ ಚೌಕಿಯಿಂದ (ಬಣ್ಣದ ಮನೆಯಿಂದ) ಬರುವಾಗ ಚಂಡೆ ಸದ್ದಿಗೆ ಎದೆ ನಡುಗುತ್ತಿತ್ತಂತೆ. "ಹೆದರಿಕೆ ಆಗ್ತಿತ್ತು ತಮಾ. ಆದರೆ ಅಂವ ಆಯಿ ಕಾಲಿಗೆ ಬೀಳುವಾಗ ಅಳು ಬರ್ತಿತ್ತು" ಅಂದಳು. ಇದನ್ನು ಅವಳ ಬಾಯಲ್ಲಿ ಕೇಳಿದ್ದು ಇದೇ ಮೊದಲು.

ಲಿಂಗಕ್ಕೆ ಹೊದಿಸಿದ ಬಟ್ಟೆ ಬಿದ್ದದ್ದು ಮುರುಡೇಶ್ವರದ ಕಂದುಕಗಿರಿಯಲ್ಲಿ. ಮೂರು ಕಡೆ ಕಡಲು, 20 ಅಂತಸ್ತಿನ ರಾಜಗೋಪುರ, 123 ಅಡಿಯ ಶಿವ. ಜನವೋ ಜನ. ಗುಡಿ ನೋಡಿ ಮೇಲೆ ಹತ್ತಿದೆವು. ಅಲ್ಲಿ ರಾವಣ ಹುಡುಗನ ಕೈಗೆ ಲಿಂಗ ಕೊಡುವ ಮೂರ್ತಿಗಳಿವೆ. ಜನ ಶಿವನ ಕಡೆ ಮೊಬೈಲ್ ಹಿಡಿದು ನಿಂತಿದ್ದರು. ಆಯಿ ಸೆರಗು ಸರಿಮಾಡಿಕೊಂಡು ರಾವಣನ ಹತ್ತಿರ ಹೋಗಿ ನಿಂತಳು.

"ಇವನ ಜೊತೆ ಒಂದು ಫೋಟೋ ತೆಗಿ" ಅಂದಳು.

ತೆಗೆದೆ. ಕಡಲ ಗಾಳಿಗೆ ಅವಳ ಸೆರಗು ಹಾರಿದೆ. ಕೈಯಲ್ಲಿ ಐದೂ ಗುಡಿಯ ಪ್ರಸಾದದ ಚೀಲ ಇದೆ, ಅದನ್ನು ನೆಲಕ್ಕೆ ಇಟ್ಟಿಲ್ಲ.