ಮೂವತ್ತು ನಲವತ್ತರ ಸೈಟಿನ ಫೈಲು

ದೊಡ್ಡಬಳ್ಳಾಪುರದ ಕಡೆ ಒಂದು ಲೇಔಟು, 30×40 ಸೈಟು, ಚದರಡಿಗೆ 2,500 ರೂಪಾಯಿ. ಮೊದಲ ಸಲ ಭೂಮಿಗೆ ದುಡ್ಡು ಹಾಕಲು ಹೊರಟ ನೆಂಟರ ಹುಡುಗ ಶನಿವಾರ ಬೆಳಿಗ್ಗೆ ಫೈಲು ಹಿಡಿದು ಮನೆಗೆ ಬಂದ. ಸಂಜೆಯೊಳಗೆ ಟೋಕನ್ ಮುಂಗಡ ಕೊಡಿ ಎಂದು ಬ್ರೋಕರ್‌ನ ಒತ್ತಾಯ. ಸೈಟು ಆಮೇಲೆ ನೋಡೋಣ, ಮೊದಲು ಕಾಗದ ಎಂದು ಕೂತೆವು. ಜಾಗ ಮನಸ್ಸಿಗೆ ಹಿಡಿಸಿಬಿಟ್ಟರೆ ಕಾಗದ ಓದುವ ತಾಳ್ಮೆ ಯಾರಿಗೂ ಉಳಿಯುವುದಿಲ್ಲ.

ಫೈಲಿನ ಮೇಲೇ ಇಸಿ ಇತ್ತು, ಅಂದರೆ ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರ, ಸಾಲಗಳನ್ನು ತೋರಿಸುವ ಋಣಭಾರ ಪತ್ರ. ಒಂದೇ ಒಂದು ವ್ಯವಹಾರ, ಸಾಲವಿಲ್ಲ, ಅಡಮಾನವಿಲ್ಲ. ಹುಡುಗನಿಗೆ ಖುಷಿ. ಆದರೆ ಅದು ಸೈಟ್ ನಂಬರಿನ ಇಸಿ. ಲೇಔಟ್ ಆದ ಮೇಲಷ್ಟೇ ಆ ನಂಬರು ಹುಟ್ಟುತ್ತದೆ. ಅದಕ್ಕೂ ಹಿಂದಿನದು ಬೇಕಾದರೆ ಮೂಲ ಜಮೀನಿನ ಸರ್ವೆ ನಂಬರಿನ ಇಸಿ ತೆಗೆಸಬೇಕು. 2004ರ ಏಪ್ರಿಲ್‌ನಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಸಿಗುತ್ತದೆ, ಹಳೆಯದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಬೇಕು. ಹಿಂದಿನ ವಾರವೇ ಹೇಳಿ ಅರ್ಜಿ ಹಾಕಿಸಿದ್ದರಿಂದ ಅದೂ ಕೈಯಲ್ಲಿತ್ತು.

ಸಿಕ್ಕು ಇದ್ದದ್ದು ಅಲ್ಲೇ. 2011ರಲ್ಲಿ ನೋಂದಣಿಯಾದ ಪಾಲುಪಟ್ಟಿ. ಸಹಿ ಹಾಕಿದವರು ಅಣ್ಣತಮ್ಮಂದಿರಿಬ್ಬರು. ಪಕ್ಕದಲ್ಲಿ ವಂಶವೃಕ್ಷ ಇಟ್ಟು ನೋಡಿದರೆ ಮಕ್ಕಳು ಮೂವರು. ಮದುವೆಯಾಗಿ ಹೋದ ಅಕ್ಕನ ಸಹಿ ಎಲ್ಲೂ ಇಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಎಂಬುದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ. 2004ರ ಡಿಸೆಂಬರ್ 20ಕ್ಕೂ ಮೊದಲೇ ನೋಂದಣಿಯಾದ ಪಾಲಿಗೆ ಅದು ತಟ್ಟುವುದಿಲ್ಲ, ಇದಕ್ಕೆ ತಟ್ಟುತ್ತದೆ. ನಾಳೆ ಆಕೆಯೋ ಆಕೆಯ ಮಕ್ಕಳೋ ದಾವೆ ಹೂಡಿದರೆ ಸೈಟು ಕೊಂಡವರೂ ಪ್ರತಿವಾದಿಗಳೇ. ಆಕೆಯಿಂದ ನೋಂದಾಯಿತ ಹಕ್ಕು ಖುಲಾಸೆ ಪತ್ರ ತರಿಸಿ ಎಂದರೆ, ಬ್ರೋಕರ್ ಫೋನಿನಲ್ಲೇ ನಕ್ಕ: ‘ಸಾರ್, ಇಡೀ ಲೇಔಟ್ ಹೀಗೇ ಮಾರಿ ಹೋಗಿದೆ.’ ಹೋಗಿರಬಹುದು. ಹಾಗಂತ ಆಕೆಯ ಪಾಲು ಹೋಗುವುದಿಲ್ಲ.

ಮಿಕ್ಕ ಕಾಗದಗಳಿಗೆ ಅಷ್ಟು ಹೊತ್ತು ಹಿಡಿಯಲಿಲ್ಲ. ಕೃಷಿ ಜಮೀನನ್ನು ನಿವೇಶನಕ್ಕೆ ಬದಲಿಸಿದ ಭೂಪರಿವರ್ತನೆ ಆದೇಶದ ವಿಸ್ತೀರ್ಣ ಪಹಣಿಗೆ ತಾಳೆಯಾಗಬೇಕು. ಪಂಚಾಯಿತಿ ಖಾತೆಯಾದರೆ ನಮೂನೆ 9 ಮತ್ತು 11ಎ ಇರಬೇಕು. ಸಕ್ರಮವಲ್ಲದ ಆಸ್ತಿಗೆ ಕೊಡುವ 11ಬಿ ಮಾತ್ರ ಇದ್ದರೆ ಸಾಲ ಸಿಗುವುದು ಕಷ್ಟ. 500 ಚದರ ಮೀಟರ್ ಮೀರಿದ ಲೇಔಟಿಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಕಡ್ಡಾಯ. ನಂಬರನ್ನು ಬ್ರೋಷರ್ ನೋಡಿ ನಂಬದೆ ರೇರಾ ವೆಬ್‌ಸೈಟಿನಲ್ಲೇ ಹುಡುಕಬೇಕು. ಮೂಲ ಜಮೀನು ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ್ದಾದರೆ, ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದ ಕ್ರಯ ನಿಲ್ಲುವುದಿಲ್ಲ. 2023ರ ತಿದ್ದುಪಡಿ ಬಂದ ಮೇಲಂತೂ ಎಷ್ಟೋ ವರ್ಷ ಕಳೆಯಿತು ಎಂಬ ಸಬೂಬನ್ನು ನಂಬಿ ಕೂರುವಂತಿಲ್ಲ.

ಊಟವಾದ ಮೇಲೆ ಲೆಕ್ಕ. ಸೈಟಿಗೆ 30 ಲಕ್ಷ. ಮುದ್ರಾಂಕ ಶುಲ್ಕ ಶೇ. 5, ಅಂದರೆ 1,50,000. ಅದರ ಮೇಲೆ ಶೇ. 10 ಸೆಸ್ 15,000, ಗ್ರಾಮಾಂತರವಾದ್ದರಿಂದ ಶೇ. 3 ಸರ್‌ಚಾರ್ಜ್ 4,500. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 2 ಆಗಿರುವುದರಿಂದ 60,000. ಒಟ್ಟು 2,29,500. ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರ ಕ್ರಯದ ಬೆಲೆಗಿಂತ ಹೆಚ್ಚಿದ್ದರೆ ಇದಿಷ್ಟೂ ಆ ದರದ ಮೇಲೆ. ಬೆಲೆ, ಶುಲ್ಕ ಸೇರಿ ಕೈಬಿಡುವ 32.3 ಲಕ್ಷವನ್ನು ಶೇ. 6.5ರ ಎಫ್‌ಡಿಯಲ್ಲಿಟ್ಟರೆ ಐದು ವರ್ಷಕ್ಕೆ ಸುಮಾರು 44 ಲಕ್ಷ. ಖಾಲಿ ಸೈಟಿಗೆ ಬಾಡಿಗೆ ಬರುವುದಿಲ್ಲ. ಹಾಗಾಗಿ ಚದರಡಿಗೆ 3,700 ಸಿಕ್ಕಾಗಲೂ, ತೆರಿಗೆ ಬದಿಗಿಟ್ಟರೆ, ಬ್ಯಾಂಕಿಗೆ ಸರಿಸಮ ಅಷ್ಟೆ. ‘ದುಪ್ಪಟ್ಟಾಗುತ್ತೆ’ ಎಂಬ ಬ್ರೋಕರ್ ಮಾತನ್ನು ಹುಡುಗ ಆಮೇಲೆ ಎತ್ತಲಿಲ್ಲ.

ಆ ಸಂಜೆ ಟೋಕನ್ ಹೋಗಲಿಲ್ಲ. ಕೊಡಲೇಬೇಕಾಗಿ ಬಂದರೆ ನಗದು ಬೇಡ, ಭೂಮಾಲೀಕರ ಹೆಸರಿಗೇ ಚೆಕ್ ಬರೆಯಿರಿ. ದಾಖಲೆಯನ್ನು ವಕೀಲರು ಒಪ್ಪದಿದ್ದರೆ ಇಂತಿಷ್ಟು ದಿನದೊಳಗೆ ಪೂರ್ತಿ ಹಣ ವಾಪಸ್ ಎಂದು ರಸೀದಿಯಲ್ಲೇ ಬರೆಸಿಕೊಳ್ಳಿ. ಬರೆದುಕೊಡಲು ಅವರು ಹಿಂದೇಟು ಹಾಕಿದರೆ ಚೆಕ್‌ಬುಕ್ ಜೇಬಿನಲ್ಲೇ ಇರಲಿ.