ಸರ್ವರ್ ದೊಡ್ಡದಾಯಿತು, ನೂಕುನುಗ್ಗಲು ಹಾಗೇ ಉಳಿಯಿತು

ಬೆಳಗಾವಿಯಲ್ಲಿ ಕೂತು ಒಂದು ವಿಶ್ವವಿದ್ಯಾಲಯದ ಕೋರ್ಸ್ ನೋಂದಣಿ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ಮೊದಲೆಲ್ಲ ಸೆಮಿಸ್ಟರ್ ಶುರುವಾದರೆ ಒಂದೇ ಕಥೆ. ಬೆಳಿಗ್ಗೆ ಹತ್ತಕ್ಕೆ ನೋಂದಣಿ ತೆರೆಯುತ್ತಿತ್ತು, ಸ್ವಲ್ಪ ಹೊತ್ತಿಗೇ ಸೈಟ್ ಮಲಗುತ್ತಿತ್ತು, ಆಮೇಲೆ ಕಾಲೇಜುಗಳಿಂದ ಫೋನೋ ಫೋನು. ‘ಸರ್ವರ್ ಸಾಲಲ್ಲ’ ಎಂದು ದೊಡ್ಡ ಸರ್ವರ್ ಹಾಕಿಸಿದರು. ಅದೂ ಮಲಗಿತು, ಕೊಂಚ ತಡವಾಗಿ ಅಷ್ಟೇ.

ಮೊದಲು ಬಂದವರಿಗೆ ಸೀಟು ಎಂದರೆ ಎಲ್ಲರೂ ಹತ್ತು ಗಂಟೆಗೇ ಬರುತ್ತಾರೆ, ಅಲ್ವಾ? 2021ರಲ್ಲಿ ಹೊಸ ಶಿಕ್ಷಣ ನೀತಿ ಜಾರಿಯಾದ ಮೇಲೆ ಪದವಿ ಹುಡುಗರು ತಮ್ಮ ವಿಭಾಗದ ಆಚೆಗೆ ಒಂದು ಓಪನ್ ಎಲೆಕ್ಟಿವ್ ಆರಿಸಿಕೊಳ್ಳಬೇಕಾಯಿತು. ಕೆಲವು ಪೇಪರಿಗೆ ಮುಗಿಬಿದ್ದರು, ಕೆಲವನ್ನು ಯಾರೂ ಮೂಸಿಯೂ ನೋಡಲಿಲ್ಲ. ಆ ಗದ್ದಲವನ್ನು ನಿಯಮವೇ ಹುಟ್ಟಿಸುತ್ತಿತ್ತು, ಸರ್ವರ್ ಸುಮ್ನೆ ಬೈಸಿಕೊಳ್ಳುತ್ತಿತ್ತು.

ಒಂದು ಸಲ ನೋಂದಣಿ ದಿನ ಆಫೀಸು ಬಿಟ್ಟು ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಸೆಂಟರಿನಲ್ಲಿ ಕೂತೆ. ಸವದತ್ತಿ ಕಡೆಯ ಹುಡುಗಿ ಲಾಗಿನ್ ಆಗಬೇಕಿತ್ತು. ‘ಅಣ್ಣಾ, ಓಟಿಪಿ ಅಪ್ಪನ ಫೋನಿಗೆ ಬರ್ತೈತ್ರಿ, ಅಪ್ಪ ಹೊಲದಾಗ ಅದಾನ’ ಎಂದಳು. ಫೋನ್ ಮಾಡಿದಳು, ರಿಂಗಾಯಿತು, ಯಾರೂ ಎತ್ತಲಿಲ್ಲ. ಅಪ್ಪ ವಾಪಸ್ ಫೋನ್ ಮಾಡುವ ಹೊತ್ತಿಗೆ ಓಟಿಪಿ ಅವಧಿ ಮುಗಿದಿತ್ತು. ಎರಡನೇ ಓಟಿಪಿ ಹಾಕಿದಾಗ ಅವಳು ಕೇಳಿದ ಪೇಪರ್ ಭರ್ತಿ. ‘ಮುಂದಿನ ಸಲ ನನ್ ನಂಬರ್ ಹಾಕ್ಸವ್ವ, ಲಗೂ ಆಗ್ತೈತಿ’ ಎಂದ ಸೈಬರಿನವ. ಆಫೀಸಿಗೆ ಬಂದು ಡೇಟಾಬೇಸ್ ತೆಗೆದರೆ, ಒಂದೊಂದು ನಂಬರಿನ ಮೇಲೆ ಹತ್ತಾರು ವಿದ್ಯಾರ್ಥಿಗಳು!

ಪರಿಹಾರ ಎಲ್ಲರಿಗೂ ಗೊತ್ತಿದ್ದದ್ದೇ. ಸಿಇಟಿ ಬರೆದವರೆಲ್ಲ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಆಪ್ಷನ್ ಎಂಟ್ರಿ ನೋಡಿರುತ್ತಾರೆ. ಬೇಕಾದ್ದನ್ನು ಆದ್ಯತೆ ಪ್ರಕಾರ ಬರೆದಿಡುವುದು, ದಿನ ಮುಗಿದ ಮೇಲೆ ಹಂಚಿಕೆ. ನಾವೂ ಒಂದು ವಾರ ಕೊಟ್ಟೆವು. ಮೊದಲ ದಿನ ತುಂಬಿದರೂ ಒಂದೇ, ಕೊನೆಯ ದಿನ ತುಂಬಿದರೂ ಒಂದೇ. ಲೋಡ್ ವಾರವಿಡೀ ಹರಡಿಕೊಂಡಿತು. ದೊಡ್ಡ ಸರ್ವರ್ ಈಗ ಹೆಚ್ಚಿನ ಹೊತ್ತು ಸುಮ್ಮನೆ ಕೂತಿರುತ್ತದೆ.

ಕೋಡಿಗಿಂತ ಮೀಟಿಂಗ್ ಜಾಸ್ತಿ ಹೊತ್ತು ತಿಂದಿತು. ಸೀಟಿಗಿಂತ ಹೆಚ್ಚು ಜನ ಕೇಳಿದರೆ ಯಾರಿಗೆ ಕೊಡುವುದು? ಹಿಂದಿನ ಸೆಮಿಸ್ಟರಿನ ಅಂಕ ನೋಡಿ ಅಂದರು ಹಿರಿಯ ಪ್ರಾಧ್ಯಾಪಕರೊಬ್ಬರು. ಆಗ ಒಳ್ಳೆಯ ಪೇಪರೆಲ್ಲ ಪ್ರತಿ ಸಲ ಅದೇ ಹುಡುಗರ ಪಾಲಾಗುತ್ತದೆ ಎಂದೆ. ಕೊನೆಗೆ ಲಾಟರಿಗೆ ಒಪ್ಪಿದರು, ಒಂದು ಷರತ್ತಿನ ಮೇಲೆ: ಈ ಸಲ ಮೊದಲ ಆಯ್ಕೆ ಸಿಗದವರಿಗೆ ಮುಂದಿನ ಸಲ ಮೊದಲ ಸರದಿ. ಲಾಟರಿ ನಂಬರುಗಳನ್ನು ಆಯ್ಕೆ ಶುರುವಾಗುವ ಮೊದಲೇ ಪ್ರಕಟಿಸುತ್ತೇವೆ. ಫಲಿತಾಂಶ ಬಂದ ಮೇಲೆ ತೋರಿಸಿದ್ದರೆ ‘ವಶೀಲಿ ನಡೆದೈತಿ’ ಎನ್ನದೆ ಬಿಡುತ್ತಿರಲಿಲ್ಲ.

ಉಳಿದ ಸೀಟುಗಳಿಗೆ ಮಾತ್ರ ಹಳೇ ಪದ್ಧತಿ. ಅಲ್ಲೊಂದು ಎಚ್ಚರ ಬೇಕು. ಸೀಟು ಇದೆಯಾ ನೋಡುವುದು, ಅದನ್ನು ಒಬ್ಬರ ಹೆಸರಿಗೆ ಬರೆಯುವುದು, ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ, ಅಂದರೆ ಒಂದೇ ಏಟಿಗೆ, ಅಷ್ಟರಲ್ಲಿ ಬೇರೆಯವರು ಆ ಸೀಟು ಮುಟ್ಟದಂತೆ ಲಾಕ್ ಹಾಕಿಕೊಂಡು ಆಗಬೇಕು. ಬೇರೆ ಬೇರೆ ಮಾಡಿದರೆ ಕೊನೆಯ ಒಂದು ಸೀಟು ಇಬ್ಬರಿಗೂ ಖಾಲಿ ಕಾಣುತ್ತದೆ, ಇಬ್ಬರಿಗೂ ಸಿಕ್ಕಿಬಿಡುತ್ತದೆ. ಆಮೇಲೆ ಯಾರನ್ನು ತೆಗೆಯುವುದು?

2024ರಲ್ಲಿ ರಾಜ್ಯ ಸರ್ಕಾರ ಆ ನೀತಿಯ ನಾಲ್ಕು ವರ್ಷದ ಪದವಿ ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಹಳೆಯ ಬ್ಯಾಚಿಗೆ ಒಂದು ನಿಯಮ, ಹೊಸದಕ್ಕೆ ಇನ್ನೊಂದು. ನಿಯಮಗಳು ಕೋಡಿನೊಳಗೆ ಹೂತಿದ್ದರೆ ಕಥೆ ಮುಗಿಯುತ್ತಿತ್ತು. ಬ್ಯಾಚ್ ಪ್ರಕಾರ ಡೇಟಾಬೇಸಿನ ಬೇರೆ ಟೇಬಲ್‌ನಲ್ಲಿ ಇಟ್ಟಿದ್ದರಿಂದ ಹೊಸ ಸಾಲು ಸೇರಿಸಿದರೆ ಸಾಕಾಯಿತು.

ಓಟಿಪಿಯನ್ನು ಲಾಗಿನ್‌ನಿಂದ ತೆಗೆದೆವು. ಈಗ ನೋಂದಣಿ ಸಂಖ್ಯೆ ಮತ್ತು ಕಾಲೇಜಿನಿಂದ ಮುಚ್ಚಿದ ಲಕೋಟೆಯಲ್ಲಿ ಕೊಡುವ ಪಿನ್. ಪಿನ್ ಮರೆತವರು ಐಡಿ ಕಾರ್ಡ್ ಹಿಡಿದು ಕಾಲೇಜಿನ ಗುಮಾಸ್ತರ ಬಳಿ ಹೋಗಬೇಕು. ‘ಇದೊಂದು ಹೊಸಾ ಕೆಲಸಾ ಹಚ್ಚಿದ್ರಿ ನಮಗ’ ಎಂದು ಅವರು ಗೊಣಗುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಅವರಿಗಾಗಿ ಒಂದೇ ಕ್ಲಿಕ್ಕಿನಲ್ಲಿ ಪಿನ್ ಬದಲಿಸುವ ಪುಟ ಬರೆಯುತ್ತಿದ್ದೇನೆ.